ನಾಲಿಗೆಯ ಅಳತೆ, ಬ್ಯುರೆಟ್ಟಿನ ಅಳತೆ

ನನ್ನ ಕೈಯಲ್ಲಿ ಡಿಗ್ರಿ ಆಗೋದಿಲ್ಲ ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಗುಟ್ಟಾಗಿ ಹೇಳಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯಲ್ಲಿ, ಕೆಲಸಕ್ಕೆ ಹೋಗುವ ಹುಡುಗಿಯರಿಗೆಂದು ತಾನು ನಡೆಸುತ್ತಿದ್ದ ಊಟ-ವಸತಿಯ ಪಿ.ಜಿ.ಯಲ್ಲಿ, ಬೆಳಗಿನ ತಿಂಡಿಗೆ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದ ಹುಡುಗಿಯರ ಎದುರಿಗೇ ಹೇಳಿದಳು. ನಾನು ಆಗಷ್ಟೇ ಪಿ.ಯು.ಸಿ. ಪಾಸಾಗಿದ್ದೆ. ಆನೇಕಲ್ಲಿನ ಸರ್ಕಾರಿ ಕಾಲೇಜಿನ ಬಿ.ಎಸ್ಸಿ. ಅರ್ಜಿ ಈರುಳ್ಳಿ ಬುಟ್ಟಿಯ ಪಕ್ಕದಲ್ಲಿತ್ತು.

"ನಮ್ ವಂಸದಾಗೆ ಗಂಡೈಕ್ಳೇ ಹತ್ತನೇ ಕ್ಲಾಸ್ ದಾಟಿಲ್ಲ. ಈ ಮಹಾರಾಣಿ ಡಿಗ್ರಿ ಮಾಡ್ತಾಳಂತೆ! ಈರುಳ್ಳಿ ಎಚ್ಚಾಕೆ ಬಿ.ಎಸ್ಸಿ. ಯಾಕೇ? ಬರ್ದಿಟ್ಕಳ್ರಮ್ಮ ಎಲ್ರೂ, ಇವ್ಳ ಕೈಲಿ ಆಗಾಕಿಲ್ಲ."

ಹುಡುಗಿಯರಲ್ಲಿ ಅರ್ಧ ಜನಕ್ಕೆ ಕನ್ನಡ ಬರುತ್ತಿರಲಿಲ್ಲ. ಆದರೂ ನಕ್ಕರು. ಅತ್ತೆ ನಗುವಾಗ ನಗದವರಿಗೆ ಬಿಸಿನೀರು ಸಿಗುವುದು ಕಷ್ಟವಿತ್ತು. ಒಲೆಯ ಮುಂದಿದ್ದ ಅಮ್ಮ ತಿರುಗಿ ನೋಡಲಿಲ್ಲ, ದೋಸೆ ಮಗುಚಿದಳು.

ಅಮ್ಮ ಆ ಪಿ.ಜಿ.ಯ ಅಡುಗೆಯವಳು. ಅಪ್ಪ ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ಲೋಡಿಂಗ್ ಮಾಡುತ್ತಿದ್ದ. ನನಗೆ ಹನ್ನೊಂದು ವರ್ಷವಾದಾಗ ಕಾಮಾಲೆಯಲ್ಲಿ ಹೋದ. ಅತ್ತೆ ನಮ್ಮಿಬ್ಬರನ್ನೂ ಕರೆದುಕೊಂಡು ಬಂದು ಅಡುಗೆಮನೆಯ ಪಕ್ಕದ ಸ್ಟೋರ್ ರೂಮಿನಲ್ಲಿ ಇಟ್ಟುಕೊಂಡಳು. ಅದು ದಯೆಯೇ, ಇಲ್ಲ ಎನ್ನುವುದಿಲ್ಲ. ಆದರೆ ಆ ದಯೆಯನ್ನು ದಿನಕ್ಕೆ ನಾಲ್ಕು ಸಲ ನೆನಪಿಸುತ್ತಿದ್ದಳು.

ಆ ಸ್ಟೋರ್ ರೂಮಿನಲ್ಲಿಯೇ ನನಗೆ ವಿನೆಗರ್ ಪರಿಚಯವಾದದ್ದು. ನಮ್ಮ ಊರಿನ ಮನೆಗಳಲ್ಲಿ ಹುಳಿ ಅಂದರೆ ಹುಣಸೆಹಣ್ಣು, ನಿಂಬೆಹಣ್ಣು, ಮಜ್ಜಿಗೆ. ಪಿ.ಜಿ.ಯಲ್ಲಿ ಅದು ನಡೆಯುವುದಿಲ್ಲ. ವಾರಕ್ಕೆರಡು ಸಲ ಗೋಬಿ ಮಂಚೂರಿ, ಒಂದು ಸಲ ನೂಡಲ್ಸ್, ಉತ್ತರದ ಹುಡುಗಿಯರಿಗೆ ದಿನವೂ ಸಿರ್ಕಾ, ಅಂದರೆ ವಿನೆಗರ್‌ನಲ್ಲಿ ನೆನೆಸಿದ ಸಣ್ಣ ಈರುಳ್ಳಿ. ಅಂಗಡಿಯ ಬಾಟಲಿ ಅತ್ತೆಗೆ ಸಾಲದು. ಕೆಮಿಕಲ್ ಮಾರುವವನಿಂದ ಬಿಳಿಯ ಕ್ಯಾನಿನಲ್ಲಿ ಗಟ್ಟಿ ಆಸಿಡ್ ತರಿಸುತ್ತಿದ್ದಳು. ಮುಚ್ಚಳ ತೆಗೆದರೆ ಮೂಗಿನ ಕೂದಲು ಸುಡುವಂಥ ವಾಸನೆ. ಅದಕ್ಕೆ ನೀರು ಬೆರೆಸಿದರೆ ವಿನೆಗರ್ ಆಯಿತು ಎಂಬುದು ಅವಳ ಲೆಕ್ಕ. ಎಷ್ಟು ನೀರು? ಅದನ್ನು ಹೇಳುವುದು ನನ್ನ ನಾಲಿಗೆ.

ಹದಿಮೂರನೇ ವಯಸ್ಸಿನಿಂದ ಅದು ನನ್ನ ಕೆಲಸ. ಬಕೆಟ್ಟಿಗೆ ಆಸಿಡ್ ಸುರಿದು, ಚೊಂಬು ಚೊಂಬಾಗಿ ನೀರು ಹಾಕಿ, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, "ಇನ್ನೊಂದು ಚೊಂಬು" ಅಥವಾ "ಸಾಕು" ಅನ್ನಬೇಕು. ಮೊದಲ ದಿನ ಅತ್ತೆ ಅಂಗಡಿಯ ಬಾಟಲಿಯಿಂದ ಒಂದು ತೊಟ್ಟು ಕೊಟ್ಟು, "ಇದ್ರಂಗೇ ಇರ್ಬೇಕು, ಗ್ಯಾಪ್ಕದಾಗಿಟ್ಕೋ" ಅಂದಿದ್ದಳು. ಆ ಒಂದು ತೊಟ್ಟಿನ ನೆನಪಿನ ಮೇಲೆ ಏಳೆಂಟು ವರ್ಷ ಬಕೆಟ್ಟುಗಟ್ಟಲೆ ಬೆರೆಸಿದೆ. ಅತ್ತೆ ನನ್ನನ್ನು ಹೊಗಳಿದ್ದು ಅದೊಂದೇ ವಿಷಯಕ್ಕೆ. ಬಂದವರಿಗೆಲ್ಲ ತೋರಿಸುತ್ತಿದ್ದಳು. "ತಲೆ ಇಲ್ದಿದ್ರೂ ನಾಲ್ಗೆ ಐತೆ ಕಣ್ರೀ ಇವ್ಳಿಗೆ."

ಕಾಲೇಜಿಗೆ ಸೇರಿದೆ. ಬೆಳಿಗ್ಗೆ ನಾಲ್ಕಕ್ಕೆದ್ದು ತರಕಾರಿ ಹೆಚ್ಚಿಟ್ಟು ಬಸ್ಸು ಹಿಡಿಯುತ್ತಿದ್ದೆ. ಮೈಗೆಲ್ಲ ವಿನೆಗರ್ ಮತ್ತು ಈರುಳ್ಳಿಯ ವಾಸನೆ. ಪಕ್ಕದಲ್ಲಿ ಕೂತವರು ಕಿಟಕಿ ತೆಗೆಯುತ್ತಿದ್ದರು. ಆದರೆ ಕೆಮಿಸ್ಟ್ರಿ ತರಗತಿಯಲ್ಲಿ ಮೊದಲ ಸಲ ಅಸಿಟಿಕ್ ಆಸಿಡ್ ಎಂಬ ಹೆಸರು ಬೋರ್ಡಿನ ಮೇಲೆ ಬಂದಾಗ, ನಮ್ಮ ಬಕೆಟ್ಟಿಗೂ ಒಂದು ಹೆಸರಿದೆ, ಅದರ ಮೇಲೆ ಪುಸ್ತಕವಿದೆ ಅನಿಸಿ ಎದೆ ಹಿಗ್ಗಿತು. ಯಾರಿಗೂ ಹೇಳಲಿಲ್ಲ.

ಆಮೇಲೆ ನಾನು ವಿನೆಗರ್‌ಗಳನ್ನು ಹುಡುಕಿಕೊಂಡು ಹೋದೆ. ಪಿ.ಜಿ. ಅಂದರೆ ಅದಕ್ಕೆ ಒಳ್ಳೆಯ ಜಾಗ. ಗೋವಾದ ಒಬ್ಬಳು ರಜೆ ಮುಗಿಸಿ ಬರುವಾಗ ತೆಂಗಿನ ಕಳ್ಳಿನಿಂದ ಮಾಡಿದ ವಿನೆಗರ್ ತರುತ್ತಿದ್ದಳು. ಮಬ್ಬಾಗಿರುತ್ತಿತ್ತು, ಹುಳಿಯ ಬೆನ್ನಿಗೇ ಸಣ್ಣ ಸಿಹಿ. ಅದರಲ್ಲಿ ಒಣಮೆಣಸಿನಕಾಯಿ ರುಬ್ಬಿ ಮಾಂಸಕ್ಕೆ ಹಚ್ಚಿಟ್ಟರೆ ಮಾರನೇ ದಿನಕ್ಕೆ ಇನ್ನೂ ರುಚಿ. ಇನ್ನೊಬ್ಬಳ ಹತ್ತಿರ ಅಕ್ಕಿಯ ವಿನೆಗರ್. ಅದು ತುಂಬ ಸೌಮ್ಯ, ಸೌತೆಕಾಯಿಗೆ ಉಪ್ಪು ಸಕ್ಕರೆಯ ಜೊತೆ ಹಾಕಿದರೆ ಸಾಕು. ಮೂರನೇ ಮಹಡಿಯವರ ಹತ್ತಿರ ಸೇಬಿನ ವಿನೆಗರ್. ತಳದಲ್ಲಿ ಲೋಳೆಯಂಥದ್ದು ಕೂತಿರುತ್ತದೆ. ಅದನ್ನು ಕಂಡು ಕೆಟ್ಟಿದೆ ಎಂದು ಚೆಲ್ಲಿದ ಕೆಲಸದವಳನ್ನು ಅತ್ತೆ ಆವತ್ತೇ ಬಿಡಿಸಿದಳು. ಅದು ಕೆಟ್ಟಿದ್ದಲ್ಲ. ಹಣ್ಣಿನ ರಸದ ಸಕ್ಕರೆ ಮೊದಲು ಹೆಂಡವಾಗಿ, ಹೆಂಡ ಆಮೇಲೆ ಹುಳಿಯಾಗುತ್ತದೆ. ಹುಳಿ ಮಾಡುವ ಜೀವಿಗಳು ಕಟ್ಟಿಕೊಂಡ ಪೊರೆ ಅದು. ನಮ್ಮ ಬಕೆಟ್ಟಿನಲ್ಲಿ ಅಂಥ ಜೀವ ಏನೂ ಇರಲಿಲ್ಲ. ಆಸಿಡ್ ಮತ್ತು ಬೋರ್‌ವೆಲ್ ನೀರು, ಅಷ್ಟೇ.

ಉಪಯೋಗವೆಲ್ಲ ಕೈಯಾರೆ ಕಲಿತದ್ದು. ಹಾಲು ಒಡೆಸಿ ಪನೀರ್ ಮಾಡಲು ನಿಂಬೆಹಣ್ಣಿಗಿಂತ ವಿನೆಗರ್ ಒಳ್ಳೆಯದು, ಒಡೆದ ಮೇಲೆ ತಣ್ಣೀರಿನಲ್ಲಿ ತೊಳೆದರೆ ವಾಸನೆ ಹೋಗುತ್ತದೆ. ಮೊಟ್ಟೆ ಬೇಯಿಸುವ ನೀರಿಗೆ ಒಂದು ಚಮಚ ಹಾಕಿದರೆ ಬಿರುಕು ಬಿಟ್ಟರೂ ಬಿಳಿಭಾಗ ಹರಿದುಹೋಗುವುದಿಲ್ಲ. ನಮ್ಮ ಕಡೆಯ ಬೋರ್‌ವೆಲ್ ನೀರಿಗೆ ಗೀಸರ್, ಕೆಟಲ್, ನಲ್ಲಿ ಎಲ್ಲದಕ್ಕೂ ಸುಣ್ಣ ಕಟ್ಟುತ್ತದೆ. ಅರ್ಧ ಗಂಟೆ ವಿನೆಗರ್ ನೀರು ನಿಲ್ಲಿಸಿದರೆ ಬಿಡುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಇಡಬಾರದು, ತಿಂದುಹಾಕುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಿ ಬಾತ್‌ರೂಮ್ ತೊಳೆಯಲು ಹೋದರೆ ವಿಷದ ಗಾಳಿ ಏಳುತ್ತದೆ. ವಿನೆಗರ್‌ಗೆ ಅಡುಗೆ ಸೋಡಾ ಹಾಕಿ ಬುರುಗು ಬರಿಸಿ ವಿಡಿಯೋ ಮಾಡುವವರು ಎರಡನ್ನೂ ದಂಡ ಮಾಡುತ್ತಾರೆ. ಒಂದು ಇನ್ನೊಂದನ್ನು ಕೊಂದು ಬರೀ ಉಪ್ಪುನೀರು ಉಳಿಯುತ್ತದೆ.

ಕೊನೆಯ ಸೆಮಿಸ್ಟರಿನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಬಂದ ಪ್ರಶ್ನೆ ಇದೇ: ಕೊಟ್ಟಿರುವ ವಿನೆಗರ್‌ನಲ್ಲಿ ಆಸಿಡ್ ಎಷ್ಟಿದೆ, ಅಳೆಯಿರಿ. ಉಳಿದ ವಿಷಯಗಳೆಲ್ಲ ಆಗಿದ್ದವು. ಇದೊಂದು ಆದರೆ ನಾನು ಪದವೀಧರೆ. ದೇವರೇ ಪ್ರಶ್ನೆ ಆರಿಸಿದ್ದಾನೆ ಅಂದುಕೊಂಡೆ.

ಕ್ರಮ ಹೀಗಿದೆ. ಬ್ಯುರೆಟ್ ಎಂಬ ಗೆರೆ ಹಾಕಿದ ಉದ್ದ ಗಾಜಿನ ಕೊಳವೆಯಿಂದ ಕ್ಷಾರದ ದ್ರಾವಣವನ್ನು ವಿನೆಗರ್‌ಗೆ ತೊಟ್ಟು ತೊಟ್ಟಾಗಿ ಬಿಡಬೇಕು. ನಸುಗುಲಾಬಿ ಬಣ್ಣ ಬಂದು ನಿಂತ ಕ್ಷಣ ನಿಲ್ಲಿಸಿ, ಎಷ್ಟು ಇಳಿಯಿತು ನೋಡಿ, ಲೆಕ್ಕ ಹಾಕಬೇಕು. ಕೊಳವೆಗೆ ಕೈ ಹಚ್ಚುವ ಮುಂಚೆ ನಾನು ಆಚೀಚೆ ನೋಡಿ, ಸ್ಯಾಂಪಲ್ಲಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಸಪ್ಪೆ. ನಮ್ಮ ಬಕೆಟ್ಟಿನದು ಅಂಗಡಿಯದರ ಹಾಗೆ ಐದಾದರೆ ಇದು ಅದರ ಅರ್ಧ, ನೂರಕ್ಕೆ ಎರಡೂವರೆ ಇರಬಹುದು. ಮನಸ್ಸಿನಲ್ಲಿ ಉತ್ತರ ಬರೆದಾಯಿತು.

ಬ್ಯುರೆಟ್ ಬೇರೆ ಹೇಳಿತು. ಮೂರು ಸಲ ಮಾಡಿದೆ, ಮೂರು ಸಲವೂ ಐದು. ಕೊಳವೆ ಹಳೆಯದು, ಮಾಡಿದ ದ್ರಾವಣ ಕೆಟ್ಟಿರಬೇಕು ಅಂದುಕೊಂಡೆನೇ ಹೊರತು ನಾಲಿಗೆಯ ಮೇಲೆ ಅನುಮಾನ ಬರಲಿಲ್ಲ. ಏಳೆಂಟು ವರ್ಷದಲ್ಲಿ ನನ್ನ ಬಗ್ಗೆ ಯಾರಾದರೂ ಹೇಳಿದ ಒಂದೇ ಒಂದು ಒಳ್ಳೆಯ ಮಾತು ಅದು. ಅದನ್ನು ಗಾಜಿನ ಕೊಳವೆಗೆ ಬಿಟ್ಟುಕೊಡಲು ಆಗಲಿಲ್ಲ. ಮೂರೂ ಅಂಕಿಗಳನ್ನು ಹೊಡೆದುಹಾಕಿ, ಎರಡೂವರೆಗೆ ಹೊಂದುವ ಹಾಗೆ ಹೊಸದಾಗಿ ಬರೆದೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ನೋಡಿದರು. ನನ್ನ ಬೆರಳನ್ನೂ ನೋಡಿದರು.

"ಬಾಯಿಗೆ ಹಾಕ್ಕೊಂಡ್ಯಾ?"

"ಹೂಂ ಸಾರ್. ನಾವು ಹೀಗೇ ನೋಡೋದು. ನನ್ನ ನಾಲಿಗೆ ತಪ್ಪಲ್ಲ ಸಾರ್."

"ನಾವು ಅಂದ್ರೆ ಯಾರಮ್ಮ?"

"ಅಡುಗೆಮನೇಲಿ ಸಾರ್."

ಅವರು ಪುಟವನ್ನು ಎತ್ತಿ ಪಕ್ಕದ ಬೆಂಚಿನವರಿಗೂ ಕಾಣುವ ಹಾಗೆ ಹಿಡಿದರು. "ಇಲ್ನೋಡ್ರಪ್ಪ, ಬ್ಯುರೆಟ್ ಎಲ್ಲ ತೊಳ್ದು ಒಳಗಿಡಿ, ಇನ್ನು ಬೇಡ. ಇವರ ನಾಲಿಗೇನ ಸ್ಟ್ಯಾಂಡಿಗೆ ಸಿಗಿಸೋಣ." ಎಲ್ಲರೂ ನಗುತ್ತಿದ್ದಾಗಲೇ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದರು: "ನಿಂಗೆ ಸರಿಯಾದ ಉತ್ತರ ಮೂರು ಸಲ ಬಂದಿತ್ತು. ಮೂರು ಸಲಾನೂ ಸುಳ್ಳು ಮಾಡಿದ್ಯಲ್ಲ." ಫೇಲ್.

ಸುದ್ದಿ ನನಗಿಂತ ಮೊದಲು ಪಿ.ಜಿ. ಮುಟ್ಟಿತ್ತು. ನನ್ನ ತರಗತಿಯ ಹುಡುಗಿಯೊಬ್ಬಳ ಅಕ್ಕ ನಮ್ಮಲ್ಲೇ ಎರಡನೇ ಮಹಡಿಯಲ್ಲಿದ್ದಳು. ಬಾಗಿಲಲ್ಲೇ ಕೂತಿದ್ದ ಅತ್ತೆ ನಾಲಿಗೆ ಚಾಚಿ ತೋರಿಸಿದಳು. ಅದು ಒಂದು ದಿನದ ಆಟವಾಗಲಿಲ್ಲ. ವಾರಗಟ್ಟಲೆ, ನಾನು ಸಾರು ಬಡಿಸಲು ಹೋದರೆ, "ನೋಡ್ಕೊಂಡ್ ಹಾಕುಸ್ಕಳ್ರಮ್ಮ, ನೆಕ್ಕಿರ್ತಾಳೆ" ಎನ್ನುತ್ತಿದ್ದಳು. ಅಮ್ಮ ಒಮ್ಮೆ, "ಬಿಡಿ ಅತ್ಗೆ, ಇನ್ನೊಂದ್ ಸಲ ಪರೀಕ್ಸೆ ಕಟ್ತಾಳೆ" ಅಂದಾಗ, "ಇವಳ ಅಪ್ಪಾನೂ ಇಂಗೇ, ಇನ್ನೊಂದ್ ಸಲ ಇನ್ನೊಂದ್ ಸಲ ಅಂತಾನೇ ಸತ್ತ" ಎಂದಳು.

ಮರುಪರೀಕ್ಷೆಗೆ ಅಭ್ಯಾಸ ಮಾಡಲು ನಮ್ಮ ಕೆಮಿಸ್ಟ್ರಿ ಮೇಡಂ ಸಂಜೆ ಲ್ಯಾಬ್ ಬಿಟ್ಟುಕೊಟ್ಟರು. ಒಂದು ದಿನ ಮನೆಯ ಬಕೆಟ್ಟಿನಿಂದ ಒಂದು ಸಣ್ಣ ಬಾಟಲಿ ತುಂಬಿಸಿಕೊಂಡು ಹೋದೆ. ನನ್ನ ನಾಲಿಗೆ "ಸಾಕು" ಎಂದಿದ್ದ ವಿನೆಗರ್. ಊಟಕ್ಕೆ ಬಳಸುವುದರಲ್ಲಿ ಆಸಿಡ್ ನೂರಕ್ಕೆ ನಾಲ್ಕೋ ಐದೋ ಭಾಗ ಇರಬೇಕು. ನಮ್ಮದು ಹತ್ತರ ಹತ್ತಿರ ನಿಂತಿತು.

ಮೇಡಂ ನನ್ನ ಬಾಯಿ ತೆರೆಸಿ ನೋಡಿದರು. "ಇಷ್ಟು ವರ್ಷ ಗಟ್ಟಿ ಆಸಿಡ್ ಮುಟ್ಟಿಸಿದ್ರೆ ನಾಲಿಗೆಗೆ ಏನು ಉಳೀತದಮ್ಮ? ಮಂದ ಆಗಿದೆ. ನಿನಗೆ ಸಪ್ಪೆ ಅನ್ಸೋದು ಬೇರೆಯವರಿಗೆ ಕಡು ಹುಳಿ." ಹಲ್ಲಿನ ಹೊಳಪೂ ಹೋಗಿದೆ ಎಂದರು. ಈರುಳ್ಳಿ ತಿಂದ ಹುಡುಗಿಯರು ಬಾಯಿ ಹುಣ್ಣು, ಎದೆಯುರಿ ಎಂದಾಗಲೆಲ್ಲ ನಾವು ಮೆಣಸಿನಕಾಯಿಯನ್ನು ಬೈದಿದ್ದೆವು.

ಇದೇ ದಿನಗಳಲ್ಲಿ ಅತ್ತೆ ವಿನೆಗರ್ ಕುಡಿಯಲು ಶುರುಮಾಡಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಫೋನಿನಲ್ಲಿ ಯಾರೋ ಒಬ್ಬ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೇಬಿನ ವಿನೆಗರ್ ಕುಡಿದರೆ ಮಾತ್ರೆಯೇ ಬೇಡ ಎಂದಿದ್ದ. ಸೇಬಿನದ್ದು ಯಾಕೆ, ಎಲ್ಲ ಹುಳಿಯೂ ಒಂದೇ ಎಂದು ಅತ್ತೆ ಬಕೆಟ್ಟಿನಿಂದಲೇ ನಾಲ್ಕು ಹಳೆಯ ದೊಡ್ಡ ಕೂಲ್‌ಡ್ರಿಂಕ್ಸ್ ಬಾಟಲಿಗಳಿಗೆ ತುಂಬಿಸಿ, ಮೂರನ್ನು ಮಂಚದ ಕೆಳಗೆ, ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡಳು. ನೀರು ಬೆರೆಸಿದರೆ ಶಕ್ತಿ ಹೋಗುತ್ತದಂತೆ. ಹಾಗೇ ಅರ್ಧ ಲೋಟ, ಕಣ್ಣು ಮುಚ್ಚಿ. ಮಾತ್ರೆ ನಿಲ್ಲಿಸಿದಳು.

ಇದರಲ್ಲಿ ನಿಜವಿರುವುದು ಸ್ವಲ್ಪ. ದೊಡ್ಡ ಲೋಟ ನೀರಿಗೆ ಒಂದೆರಡು ಚಮಚ ಬೆರೆಸಿ ಊಟದ ಜೊತೆ ಕುಡಿದರೆ, ಅನ್ನ ಮುದ್ದೆ ತಿಂದ ಮೇಲೆ ಸಕ್ಕರೆ ಏರುವುದು ಕೆಲವರಿಗೆ ಸ್ವಲ್ಪ ನಿಧಾನವಾಗಬಹುದು. ಮಾತ್ರೆಯ ಜಾಗಕ್ಕೆ ಅದು ಬರುವುದಿಲ್ಲ. ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಅಷ್ಟನ್ನೂ ಶುರುಮಾಡಬಾರದು. ನೀರು ಬೆರೆಸದೆ ಕುಡಿದರೆ ಹಲ್ಲು ಸವೆಯುತ್ತದೆ, ಗಂಟಲು ಸುಡುತ್ತದೆ. ಇದು ಅಂಗಡಿಯ ವಿನೆಗರ್ ಮಾತು. ಅತ್ತೆಯ ಬಾಟಲಿಯಲ್ಲಿದ್ದದ್ದು ಅದರ ಎರಡರಷ್ಟು.

ಹೇಳಲು ಹೋದೆ. ಸುಳ್ಳು ಹೇಳುವುದಿಲ್ಲ, ಹೇಳಲೆಂದೇ ಹೋದೆ. ಅತ್ತೆ ಬಾಗಿಲಲ್ಲಿ ಇಬ್ಬರು ಹುಡುಗಿಯರ ಜೊತೆ ಕೂತಿದ್ದಳು.

"ಅತ್ತೆ, ಅದನ್ನ ಹಂಗೇ ಕುಡೀಬೇಡ. ನೀರು ಬೆರೆಸ್ಕೋ. ಮಾತ್ರೆ ಬಿಡ್ಬೇಡ."

"ಓಹೋ! ಡಾಕ್ಟ್ರಮ್ಮ ಬಂದ್ರು, ಎದ್ದೇಳ್ರೇ!" ಅತ್ತೆ ಸೆರಗು ಸರಿಮಾಡಿಕೊಂಡು ನಿಂತೇಬಿಟ್ಟಳು. "ಯಾವ ಕಾಲೇಜಮ್ಮಾ ನಿಮ್ದು? ಫೇಲಾಗಿದ್ದು ಯಾವ್ದ್ರಲ್ಲಿ, ಯೇಳು? ಯೇಳೇ, ಇವ್ರೂ ಕೇಳ್ಲಿ. ಯಾವ್ದ್ರಲ್ಲಿ?"

"ವಿನೆಗರ್‌ನಲ್ಲಿ," ಎಂದೆ.

ಆ ನಗು ಮೂರನೇ ಮಹಡಿಯವರೆಗೂ ಹೋಯಿತು. ನನ್ನ ಬಾಯಲ್ಲಿ ಇನ್ನೊಂದು ವಾಕ್ಯವಿತ್ತು. 'ಅದು ಎರಡು ಪಟ್ಟು ಗಟ್ಟಿ ಇದೆ, ನನ್ನ ನಾಲಿಗೆ ಕೆಟ್ಟಿದೆ.' ಹಾಗಂದರೆ ಅವಳ ಕೈಗೆ ಇನ್ನೊಂದು ಕೋಲು ಕೊಟ್ಟಂತೆ. ನುಂಗಿಕೊಂಡೆ.

ಆವತ್ತು ಸಂಜೆ ಬಕೆಟ್ಟಿನಲ್ಲಿದ್ದಷ್ಟೇ ನೀರು ಅದಕ್ಕೆ ಸುರಿದು ತೆಳ್ಳಗೆ ಮಾಡಿದೆ. ಈರುಳ್ಳಿಯ ಭರಣಿಗಳನ್ನೂ ಬದಲಾಯಿಸಿದೆ. ಅಮ್ಮ ಕೇಳಿದಳು, "ಯಾಕೆ, ಏನಾಗಿತ್ತು?" "ಜಾಸ್ತಿ ಆಗಿತ್ತು," ಎಂದೆ. ಹುಡುಗಿಯರ ಬಾಯಿಗೆ ಹೋಗುವುದನ್ನೆಲ್ಲ ಸರಿಮಾಡಿದೆ. ಅತ್ತೆಯ ಮಂಚದ ಪಕ್ಕದ, ಕೆಳಗಿನ ಬಾಟಲಿಗಳಿಗೆ ಕೈ ಹಚ್ಚಲಿಲ್ಲ. ದಿನಾ ಬೆಳಿಗ್ಗೆ ಆ ಕೋಣೆ ಗುಡಿಸುತ್ತಿದ್ದವಳು ನಾನೇ. ಪೊರಕೆ ತಾಗಿ ಪಕ್ಕದ ಬಾಟಲಿ ಎಷ್ಟೋ ಸಲ ಉರುಳಿತು. ಎತ್ತಿ ನೆಟ್ಟಗೆ ಇಟ್ಟೆ. ಅವಳು ಮೆಲ್ಲಗೆ ಅನ್ನ ಬಿಟ್ಟಳು, ಆಮೇಲೆ ಮುದ್ದೆ. ನುಂಗುವಾಗ ಕತ್ತು ಚಾಚುತ್ತಿದ್ದಳು. ಹುಳಿ ಕೆಲಸ ಮಾಡ್ತಿದೆ, ತೂಕ ಇಳೀತಿದೆ ಎಂದು ಎಲ್ಲರಿಗೂ ರವಿಕೆ ಸಡಿಲವಾದದ್ದನ್ನು ತೋರಿಸಿದಳು. ನಾನೂ ನೋಡಿದೆ, ಪೊರಕೆ ಎತ್ತಿಕೊಂಡು ಹೊರಗೆ ಬಂದೆ.

ಮರುಪರೀಕ್ಷೆಯ ದಿನ ಬೆಳಿಗ್ಗೆ ಅತ್ತೆ ಬಾತ್‌ರೂಮಿನಲ್ಲಿ ವಾಂತಿ ಮಾಡಿಕೊಂಡು ಕುಸಿದಳು. ವಾಂತಿಯಲ್ಲಿ ರಕ್ತವಿತ್ತು. ಅಮ್ಮನೂ ನಾನೂ ಸೇರಿ ಆಟೋಗೆ ಹತ್ತಿಸಿದೆವು. ಅಮ್ಮ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದಳು.

"ಬಾ, ಕುಂತ್ಕೋ. ಅಲ್ಲಿ ಡಾಕ್ಟ್ರು ಇಂಗ್ಲೀಸ್ನಾಗೆ ಕೇಳ್ತಾರೆ. ನಂಗೇನ್ ಗೊತ್ತಾಯ್ತದೆ?"

"ಇವತ್ತು ಹೋಗ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಅಮ್ಮ."

"ಕುಂತ್ಕಳೇ," ಎಂದಳು ಅಮ್ಮ, "ರಕ್ತ."

ನಾನು ಆಟೋದವನಿಗೆ "ನೀವು ಹೋಗಿ ಅಣ್ಣ" ಎಂದೆ. ಆನೇಕಲ್ ಬಸ್ಸು ಬಂತು, ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಲೆಕ್ಕದ ಸೂತ್ರ ಹೇಳಿಕೊಂಡೆ. ಕಾಲೇಜಿನ ಗೇಟಿನಲ್ಲಿ ಫೋನ್ ಆಫ್ ಮಾಡಿದೆ.

ಪ್ರಶ್ನೆ ಬೇರೆಯದಿತ್ತು, ಕ್ರಮ ಅದೇ. ಕೈ ತೊಳೆದು, ತುಟಿ ಕಚ್ಚಿ ಹಿಡಿದು, ಬಂದ ಅಂಕಿಯನ್ನು ಬಂದ ಹಾಗೆ ಬರೆದೆ. ಒಂದು ತೊಟ್ಟಿನ ವ್ಯತ್ಯಾಸವೂ ಇಲ್ಲದೆ ಮೂರೂ ಕೂಡಿದವು. ಈ ಸಲದ ಪರೀಕ್ಷಕರು, "ನೀಟಾಗಿ ಮಾಡಿದೀರಾ," ಎಂದರು. ಅಲ್ಲೇ ಅಳು ಬಂತು. ಹೊರಗೆ ಬಂದು ನಲ್ಲಿಯ ಕೆಳಗೆ ಮುಖ ಇಟ್ಟೆ.

ಫೋನ್ ಆನ್ ಮಾಡಿದಾಗ ಅಮ್ಮನ ಕರೆಗಳು ಸಾಲಾಗಿದ್ದವು. ಆಸ್ಪತ್ರೆಗೆ ಹೋದೆ. ಏನು ಕುಡಿದಿದ್ದರು ಎಂದು ಡಾಕ್ಟರು ಅಮ್ಮನನ್ನು ಕೇಳಿದ್ದರಂತೆ. "ವಿನೆಗರ್" ಎಂದಿದ್ದಳು. ಅಂಗಡಿಯದ್ದು ಇರಬೇಕು, ಇಷ್ಟು ಸುಡಲಾರದು ಎಂದು ಅವರು ಬೇರೆ ಕಾಯಿಲೆ ಹುಡುಕುತ್ತಿದ್ದರು. ನಾನು ಹೋಗಿ ಇಂಗ್ಲಿಷಿನಲ್ಲಿ ಹೇಳಿದೆ: ಅದು ಮನೆಯಲ್ಲಿ ಆಸಿಡ್‌ನಿಂದ ಬೆರೆಸಿದ್ದು, ನೂರಕ್ಕೆ ಹತ್ತು ಭಾಗ, ಎರಡು ತಿಂಗಳಿನಿಂದ, ಖಾಲಿ ಹೊಟ್ಟೆಗೆ.

"ಇಷ್ಟು ಕರೆಕ್ಟಾಗಿ ಹೇಗೆ ಗೊತ್ತು?" ಎಂದು ಡಾಕ್ಟರು ಕೇಳಿದರು.

"ನಾನೇ ಅಳೆದಿದ್ದೆ."

"ಯಾವಾಗ?"

ಅಮ್ಮ ಅಲ್ಲೇ ನಿಂತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಆದರೆ ಇದನ್ನು ಡಾಕ್ಟರು ಕನ್ನಡದಲ್ಲೇ ಕೇಳಿದ್ದರು. ಎರಡು ತಿಂಗಳ ಹಿಂದೆ ಎಂದೆ. ಅಮ್ಮ ನನ್ನನ್ನು ಒಂದು ಸಲ ನೋಡಿ, ಅತ್ತೆಯ ಕಾಲಿನ ಮೇಲೆ ಹೊದಿಕೆ ಎಳೆದಳು.

ಅತ್ತೆ ಸಾಯಲಿಲ್ಲ. ಅನ್ನನಾಳ ಸುಟ್ಟು ಗಾಯ ಮಾಯುವಾಗ ಕಿರಿದಾಯಿತು. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ಅಗಲ ಮಾಡುತ್ತಾರೆ. ಗಂಜಿಗಿಂತ ಗಟ್ಟಿಯಾದದ್ದು ಇಳಿಯುವುದಿಲ್ಲ. ದನಿ ಹೋಗಿ ಪಿಸುಗುಟ್ಟುವ ಹಾಗಾಯಿತು. ಅಡುಗೆಮನೆಯವರೆಗೂ ಕೇಳುತ್ತಿದ್ದ ಬೈಗುಳ ಈಗ ಮಂಚದ ಆಚೆ ದಾಟುವುದಿಲ್ಲ. ಪಿ.ಜಿ. ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ ಎಂಬುದನ್ನೂ ಬರೆಯಬೇಕು.

ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂದ ದಿನ ಜಿಗಣಿಯ ಉಪ್ಪಿನಕಾಯಿ ಕಂಪನಿಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿ ವಾರವಾಗಿತ್ತು. ಅಲ್ಲಿ ದಿನವೂ ವಿನೆಗರ್ ಅಳೆಯುವುದೇ ಕೆಲಸ. ಕಾಲೇಜು ಆಫೀಸಿನ ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, "ಮನೇಲಿ ನೀವೇ ಮೊದಲನೆಯವರಾ? ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ ಮತ್ತೆ" ಎಂದರು. ಬಸ್ಸಿನಲ್ಲಿ ಎರಡು ಸಲ ಕವರಿನಿಂದ ತೆಗೆದು ನನ್ನ ಹೆಸರು ಓದಿಕೊಂಡೆ.

ಮನೆಗೆ ಬಂದಾಗ ಅಮ್ಮ ಅತ್ತೆಯ ತಲೆಯನ್ನು ತೋಳಿನ ಮೇಲೆ ಒರಗಿಸಿಕೊಂಡು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದಕ್ಕೆ ಚಾಚಿದಳು. ನಾನು ಕವರನ್ನು ಆ ಕೈಗೆ ಕೊಡಲಿಲ್ಲ. ಅತ್ತೆಯ ಎದೆಯ ಮೇಲೆ ಇಟ್ಟು, ಅವಳ ಬೆರಳುಗಳನ್ನು ಎತ್ತಿ ಅದರ ಮೇಲಿಟ್ಟೆ. ಅತ್ತೆ ತುಂಬ ಹೊತ್ತು ಅದನ್ನೇ ನೋಡಿದಳು.

ಅಮ್ಮ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಖಾಲಿ ಬಟ್ಟಲನ್ನು ನನ್ನ ಮುಂದೆ ಹಿಡಿದಳು.

"ಡಿಗ್ರಿ ನಿಂಗ್ ಸಿಕ್ತು. ದಿನಕ್ಕೆ ಆರು ಸಲ ಗಂಜಿ ಕಾಯ್ಸೋದು ನಂಗ್ ಸಿಕ್ತು. ಓಗು, ಅಕ್ಕಿ ತೊಳಿ."